ಎಡಕ್ಕೆ ಹನ್ನೊಂದು ಸುತ್ತು, ಬಲಕ್ಕೆ ಏಳು

ಕಡಬದ ನಮ್ಮ ಅಜ್ಜಿಯ ಮನೆಯಲ್ಲಿ ಚಿಕ್ಕಪ್ಪ ಕುರ್ಚಿಯಿಂದ ಏಳುವ ಹೊತ್ತಿಗೆ ಯಾರಾದರೊಬ್ಬರು ಟೈಮ್ ಎಷ್ಟಾಯಿತು ಎಂದು ಕೇಳುತ್ತಿದ್ದರು. ಗಡಿಯಾರ ಇದ್ದದ್ದು ನಡುಮನೆಯ ಬಾಗಿಲ ಮೇಲೆ, ಚಿಕ್ಕಪ್ಪನ ಕುರ್ಚಿಯ ಎದುರು ಗೋಡೆಯಲ್ಲಿ. ಇದ್ದವರೆಲ್ಲ ಅತ್ತ ತಿರುಗಿ, ಮುಳ್ಳು ನೋಡಿ, ಹತ್ತೂಕಾಲೋ ಹತ್ತೂ ಇಪ್ಪತ್ತೋ ಎಂದು ಚರ್ಚೆ ಮಾಡಿ ಮತ್ತೆ ಇತ್ತ ತಿರುಗುವಷ್ಟರಲ್ಲಿ ಚಿಕ್ಕಪ್ಪ ಎದ್ದು ನಿಂತಿರುತ್ತಿದ್ದ.

ಮೂರು ವರ್ಷದವನಿದ್ದಾಗ ಪೋಲಿಯೋ ಬಂದು ಅವನ ಬಲಗಾಲು ಸಣ್ಣಗಾಗಿತ್ತು. ಏಳಬೇಕಾದರೆ ಬಲಗೈಯನ್ನು ಮಂಡಿಯ ಮೇಲಿಟ್ಟು ಒತ್ತಿ, ಮೈಯನ್ನೆಲ್ಲ ಎಡಕ್ಕೆ ಚೆಲ್ಲಿ, ಸೊಂಟವನ್ನು ಒಮ್ಮೆ ತಿರುವಿ ಏಳಬೇಕಿತ್ತು. ಈಗ ಇದನ್ನು ಇಷ್ಟು ವಿವರವಾಗಿ ಬರೆಯಬಲ್ಲೆ. ೨೦೦೬ರ ಮಾರ್ಚಿಗೆ ಮುಂಚೆ ಕೇಳಿದ್ದರೆ ಬರೆಯಲು ಆಗುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ನಾನೂ ಗಡಿಯಾರವನ್ನೇ ನೋಡಿದ್ದೆ.

ಹೀಗೆ ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಮನೆಯಲ್ಲಿ ಕಾಲು ಎಂಬ ಮಾತೇ ಬರುತ್ತಿರಲಿಲ್ಲ. ಮಂಚದ ಕಾಲು ಅಲ್ಲಾಡಿದರೂ ಅಜ್ಜಿ 'ಮಂಚದ ಗೂಟ ಸಡಿಲಾಗೈತೆ' ಎನ್ನುತ್ತಿದ್ದಳು.

ನಾನು ಆಗ ತುಮಕೂರಿನಲ್ಲಿ ಅಪ್ಪ ಅಮ್ಮನ ಜೊತೆ ಇದ್ದೆ, ಬಿ.ಎಸ್ಸಿ. ಎರಡನೇ ವರ್ಷ. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಗುಬ್ಬಿಗೆ ಪ್ರೈವೇಟ್ ಬಸ್ಸು, ಅಲ್ಲಿಂದ ಕಡಬಕ್ಕೆ ಇನ್ನೊಂದು. ಭಾನುವಾರ ಸಂಜೆ ವಾಪಸ್ಸು. ಗೊಬ್ಬರದ ಅಂಗಡಿಯವರು ಚಿಕ್ಕಪ್ಪನಿಗೆ ಕೊಟ್ಟ ಡೈರಿಯನ್ನು ಪ್ರತಿ ಜನವರಿಯಲ್ಲೂ ನಾನು ತೆಗೆದುಕೊಂಡುಬಿಡುತ್ತಿದ್ದೆ. ಅದರಲ್ಲಿ ದಿನಕ್ಕೊಂದು ಪುಟ. ಬಸ್ಸು ಎಷ್ಟು ಹೊತ್ತಿಗೆ ಬಂತು, ಸೀಟು ಸಿಕ್ಕಿತೋ ಇಲ್ಲವೋ, ಎಷ್ಟು ತೆಂಗಿನಕಾಯಿ ಕೆಡವಿದರು, ಎಲ್ಲವನ್ನೂ ಬರೆಯುತ್ತಿದ್ದೆ. ಬರೆಯದಿದ್ದರೆ ಆ ದಿನ ಎಲ್ಲೋ ಬಿದ್ದುಹೋದಂತೆ ಅನಿಸಿ ಕೈ ತುರಿಸುತ್ತಿತ್ತು.

ಚಿಕ್ಕಪ್ಪ ಕೂತ ಕಡೆ ಕೂರುವವನಲ್ಲ, ಆದರೆ ಕೂತೇ ಇರಬೇಕಾಗಿತ್ತು. ರೇಡಿಯೋ ಸ್ಟೇಷನ್ ಬದಲಾಯಿಸುವುದು, ಪೇಪರನ್ನು ಅರ್ಧ ಓದಿ ಮಡಚುವುದು, ಕುರ್ಚಿಯ ಕೈ ಮೇಲೆ ಬೆರಳಿನಿಂದ ತಾಳ ಹಾಕುವುದು. ಜನವರಿ ಎಂಟರ ಭಾನುವಾರ ನಾನು ಎಣಿಸಿದ್ದೆ. ಬೆಳಿಗ್ಗೆಯ ಒಂದು ಗಂಟೆಯಲ್ಲಿ ಹನ್ನೆರಡು ಸಲ ಬೀದಿ ಬಾಗಿಲಿನತ್ತ ನೋಡಿದ್ದ. ಅವನ ದೊಡ್ಡ ತೋಟ ಇದ್ದದ್ದು ಕೆರೆಯ ಆಚೆ. ಅಲ್ಲಿಗೆ ಹೋಗಬೇಕಾದರೆ ಯಾರಾದರೂ ಸ್ಕೂಟರಿನವರು ಆ ಕಡೆ ಹೊರಡಬೇಕು, ಇವನು ಕೂಗಬೇಕು, ಅವರು ನಿಲ್ಲಿಸಬೇಕು.

"ಇಪ್ಪತ್ತು ವರ್ಷದಿಂದ ಯಾರ್ದೋ ಬೆನ್ನು ನೋಡ್ಕೊಂಡೇ ತೋಟಕ್ಕೆ ಹೋಗ್ತಿದೀನಿ ಕಣೇ," ಎಂದಿದ್ದ ಆ ದಿನ. "ನನ್ ತೆಂಗಿನಮರ ಹೆಂಗವೆ ಅಂತ ಕೇಳಿದ್ರೆ ಗೊತ್ತಿಲ್ಲ. ಊರೋರ ಶರ್ಟಿನ ಕಾಲರ್ ಹೆಂಗವೆ ಅಂತ ಕೇಳು, ಹೇಳ್ತೀನಿ."

ಪಕ್ಕದಲ್ಲಿ ಎರಡು ಚಕ್ರ ಜೋಡಿಸಿದ ಸ್ಕೂಟರ್ ಕೊಡಿಸುತ್ತೇನೆ ಎಂದು ಅಪ್ಪ ಎಷ್ಟೋ ಸಲ ಹೇಳಿದ್ದರು. ಆ ಮಾತು ಬಂದಾಗಲೆಲ್ಲ ಚಿಕ್ಕಪ್ಪ ಅರ್ಧ ಓದಿದ ಪೇಪರನ್ನು ಪೂರ್ತಿ ಬಿಚ್ಚಿ ಮುಖಕ್ಕೆ ಹಿಡಿಯುತ್ತಿದ್ದ.

ಅದೇ ತಿಂಗಳು ಸಂಕ್ರಾಂತಿಗೆ ಅಮೃತೂರಿನ ನೆಂಟರ ಮನೆಗೆ ಹೋಗಿದ್ದ. ಅಲ್ಲಿಂದ ಯಾರದೋ ಕಾರಿನಲ್ಲಿ ಕುಣಿಗಲ್ ಕಡೆಯೆಲ್ಲ ಸುತ್ತಿ ಬರುವಾಗ, ಹುತ್ರಿದುರ್ಗದ ಬೆಟ್ಟದ ಕೆಳಗಿನ ಒಂದು ತೋಟದ ಶೆಡ್ಡಿನಲ್ಲಿ ಚಿಕ್ಕಪ್ಪ ಆ ಗಾಡಿಯನ್ನು ನೋಡಿದ. ಬೆಂಗಳೂರಿನವರೊಬ್ಬರು ಮಗನಿಗೆಂದು ತರಿಸಿದ ನಾಲ್ಕು ಚಕ್ರದ ಬೈಕು. ಮಣ್ಣಿನ ಮೇಲೆ ಓಟದ ಪಂದ್ಯಕ್ಕೆಂದೇ ಮಾಡಿದ್ದು. ಮಗನಿಗೆ ಮೋಜು ಮುಗಿದು ಟಾರ್ಪಾಲಿನ ಕೆಳಗೆ ಬಿದ್ದಿದ್ದನ್ನು ಚಿಕ್ಕಪ್ಪ ಕೊಂಡುಕೊಂಡ. ಹ್ಯಾಂಡಲ್ಲು, ಕ್ಲಚ್ಚು, ಗೇರು ಎಲ್ಲ ಬೈಕಿನದೇ. ಗೇರು ಎಡಗಾಲಿಗೆ. ಹಿಂದಿನ ಬ್ರೇಕು ಮಾತ್ರ ಬಲಗಾಲಿಗಿತ್ತು. ತುಮಕೂರಿನಲ್ಲಿ ಚಿಕ್ಕಪ್ಪನಿಗೆ ಹಳೆಯ ಪರಿಚಯದ ಒಬ್ಬ ಮೆಕ್ಯಾನಿಕ್ ಇದ್ದ, ನಾವೆಲ್ಲ ಭಾಯ್ ಎನ್ನುತ್ತಿದ್ದೆವು. ಅವನು ಒಂದು ವಾರ ಗಾಡಿಯನ್ನು ಇಟ್ಟುಕೊಂಡು ಆ ಬ್ರೇಕನ್ನು ಕೈಗೆ ಎಳೆದುಕೊಟ್ಟ. ಜನವರಿ ಇಪ್ಪತ್ತೆರಡರ ಭಾನುವಾರ ಅದು ಟೆಂಪೋದಲ್ಲಿ ಕಡಬಕ್ಕೆ ಬಂತು. ಅದನ್ನು ರಸ್ತೆಗೆ ಹತ್ತಿಸುವ ಹಾಗಿರಲಿಲ್ಲ. ತೋಟದ ದಾರಿ, ಕೆರೆಯ ಅಂಗಳ, ಅಷ್ಟೇ. ಚಿಕ್ಕಪ್ಪನಿಗೆ ಬೇಕಾಗಿದ್ದೂ ಅಷ್ಟೇ.

ಮುಂದಿನ ಎರಡು ಚಕ್ರಗಳು ಮೈಯಿಂದ ಆಚೆಗೆ ಚಾಚಿಕೊಂಡಿದ್ದವು. ಒಂದೊಂದಕ್ಕೂ ಓರೆಯಾಗಿ ನಿಂತ ಒಂದೊಂದು ಸ್ಪ್ರಿಂಗು. ಹಿಂದೆ ಸೀಟಿನ ಕೆಳಗೆ ದಪ್ಪನೆಯದೊಂದು. ಅಜ್ಜಿ ಸೆರಗಿನ ತುದಿ ಹಿಡಿದುಕೊಂಡು ಒಂದು ಸುತ್ತು ಬಂದಳು.

"ಇದೇನ್ಲಾ, ಏಡಿ ಥರ ಐತೆ!"

"ಏಡಿನೇ ಕಣವ್ವ," ಎಂದ ಚಿಕ್ಕಪ್ಪ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಇದಕ್ಕೆ ಹುಟ್ಟಿನಿಂದ್ಲೇ ನಾಲ್ಕು ಚಕ್ರ ಕಣೇ. ನನಗೋಸ್ಕರ ಯಾರೂ ಅಂಟಿಸಿಲ್ಲ," ಎಂದ.

ಅಂದಿನಿಂದ ಅದರ ಹೆಸರು ಏಡಿ.

ಮೊದಲ ಸಲ ಬಿದ್ದದ್ದು ಜನವರಿ ಇಪ್ಪತ್ತೊಂಬತ್ತು, ಭಾನುವಾರ, ಬೆಳಿಗ್ಗೆ ಒಂಬತ್ತು ಹತ್ತಕ್ಕೆ, ತೋಟದ ದಾರಿಯ ಬಾವಿಯ ಹತ್ತಿರದ ತಿರುವಿನಲ್ಲಿ. ಹಿಂದಿನ ದಿನ ಪಂಕ್ಚರ್ ಅಂಗಡಿಯವನು ಬಂದು ಗಾಳಿ ತುಂಬಿದ್ದ. ಟೈರು ಮೆತ್ತಗಿದ್ದದ್ದನ್ನು ನೋಡಿ ಪಾಪ ಅನಿಸಿ, ಎಲ್ಲ ಗಾಡಿಗೂ ಹಾಕುವಂತೆ ಮೂವತ್ತು ಪೌಂಡ್ ಬಡಿದಿದ್ದ. ಏಡಿ ಚೆಂಡಿನ ಹಾಗೆ ಪುಟಿಯಿತು. ಬಾವಿಯ ಬಳಿ ಪುಟಿದು ವಾಲಿತು, ಚಿಕ್ಕಪ್ಪ ಉತ್ತ ಮಣ್ಣಿನ ಮೇಲೆ ಬಿದ್ದ. ಮೊಳಕೈ ತರಚಿತು. ಸೋಮವಾರ ತುಮಕೂರಿನಲ್ಲಿ ಭಾಯಿಗೆ ಹೇಳಿದೆ. ಅವನು ಸ್ಟೂಲಿನ ಮೇಲೆ ಕೂತವನು ಹಾಗೇ ನಗುತ್ತಾ ಹಿಂದಕ್ಕೆ ವಾಲಿದ.

"ಮೂವತ್ತಾ! ನಾಲ್ಕು ಹಾಕ್ಬೇಕು ಅಮ್ಮಾ, ನಾಲ್ಕು. ಅದು ಟೈರಲ್ಲ, ದಿಂಬು."

ಫೆಬ್ರವರಿ ಐದರ ಭಾನುವಾರ ಭಾಯ್ ಚೀಲ ಹೊತ್ತು ಬಸ್ಸಿನಲ್ಲಿ ಕಡಬಕ್ಕೆ ಬಂದ. ಗಾಳಿ ಬಿಟ್ಟು ಸರಿ ಮಾಡಿದ. ಆಮೇಲೆ, ಬಂದದ್ದು ಬಂದೆ, ಸ್ಪ್ರಿಂಗನ್ನೂ ಅಣ್ಣನ ತೂಕಕ್ಕೆ ಕಟ್ಟಿಬಿಡೋಣ ಎಂದ. ಬೆಂಗಳೂರಿನ ಆ ಹುಡುಗನಿಗೆ ಕಟ್ಟಿದ್ದು ಇವರಿಗೆ ಹೇಗೆ ಸರಿಹೋದೀತು?

ಕೆಲಸ ಹೀಗಿತ್ತು. ತೆಂಗಿನ ಕೊರಡಿನ ಮೇಲೆ ಗಾಡಿಯ ಮುಂಭಾಗವನ್ನು ಚಕ್ರ ನೆಲ ಬಿಟ್ಟೂ ಬಿಡದಷ್ಟು ಎತ್ತಬೇಕು. ನೆಲದಿಂದ ಚೌಕಟ್ಟಿನವರೆಗೆ ಎಡಕ್ಕೊಂದು, ಬಲಕ್ಕೊಂದು ಅಳತೆ ತೆಗೆಯಬೇಕು. ಕೊರಡು ತೆಗೆದು, ಓಡಿಸುವವನನ್ನು ಕೂರಿಸಿ ಮತ್ತೆ ಅಳೆಯಬೇಕು. ವ್ಯತ್ಯಾಸವೇ ಕುಸಿತ. ಕುಸಿತ ಕಡಿಮೆಯಾದರೆ ಗಾಡಿ ಒದೆಯುತ್ತದೆ, ಜಾಸ್ತಿಯಾದರೆ ಗುಂಡಿಗೆ ತಳ ಬಡಿಯುತ್ತದೆ. ಈ ಗಾಡಿಗೆ ಏಳೂವರೆ ಸೆಂಟಿಮೀಟರ್ ಆಸುಪಾಸು ಇರಲಿ ಎಂದ ಭಾಯ್. ಸ್ಪ್ರಿಂಗಿನ ಮೇಲ್ತುದಿಯಲ್ಲಿ ಬಳೆಯಂಥ ಒಂದು ಉಂಗುರವಿತ್ತು, ಅಂಚಿನಲ್ಲಿ ಕಚ್ಚುಗಳಿದ್ದವು. ಕೊಕ್ಕೆಯ ಸ್ಪ್ಯಾನರಿನಿಂದ ಅದನ್ನು ಕೆಳಕ್ಕೆ ತಿರುಗಿಸಿದರೆ ಸ್ಪ್ರಿಂಗು ಬಿಗಿಯಾಗಿ ಗಾಡಿ ಮೇಲೇಳುತ್ತದೆ, ಮೇಲಕ್ಕೆ ಬಿಟ್ಟರೆ ಇಳಿಯುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಸ್ಪ್ರಿಂಗಿಗೆ ತೂಕ ನೇತುಹಾಕಿ ಅಳೆದವಳಾದ್ದರಿಂದ ನನಗೆ ಖುಷಿಯೋ ಖುಷಿ. ಅಮ್ಮನ ಹೊಲಿಗೆ ಮೆಷಿನ್ನಿನ ಟೇಪು ತಂದಿದ್ದೆ. ಡೈರಿಯಲ್ಲಿ ಗೆರೆ ಎಳೆದು ಮನೆಗಳನ್ನು ಮಾಡಿಟ್ಟಿದ್ದೆ.

"ಹತ್ತಿ ಅಣ್ಣಾ," ಎಂದ ಭಾಯ್.

"ಟೈಮೆಷ್ಟಾಯ್ತೇ?" ಎಂದಳು ಜಗಲಿಯಿಂದ ಅಜ್ಜಿ.

ನಾನು ವಾಚು ನೋಡಿಕೊಂಡೆ. ಭಾಯ್ ಕೂಡ ತನ್ನ ವಾಚು ನೋಡಿಕೊಂಡ. ಹನ್ನೊಂದಕ್ಕೆ ಐದು ನಿಮಿಷ ಇತ್ತು. ನಾವು ಅತ್ತಿಂದ ಇತ್ತ ತಿರುಗುವಷ್ಟರಲ್ಲಿ ಚಿಕ್ಕಪ್ಪ ಏಡಿಯ ಮೇಲೆ ಕೂತಿದ್ದ. ಬೆನ್ನು ನೆಟ್ಟಗೆ, ಎರಡು ಭುಜವೂ ಒಂದೇ ಮಟ್ಟ, ಗಲ್ಲ ಸ್ವಲ್ಪ ಮೇಲೆ. ಸ್ಟುಡಿಯೋದಲ್ಲಿ ಫೋಟೋಗೆ ಕೂತ ಹಾಗೆ. ನಾನು ಬಗ್ಗಿ ಟೇಪು ನೋಡಿದೆ, ಆಮೇಲೆ ಅವನನ್ನು ನೋಡಲಿಲ್ಲ.

ಎಡ ಏಳು ಪಾಯಿಂಟ್ ಆರು. ಬಲ ಏಳು ಪಾಯಿಂಟ್ ಆರು. ಬಳೆಗಳು ತೀರ ಸಡಿಲವಾಗಿದ್ದ ಜಾಗದಿಂದ ಎಣಿಸಿದರೆ ಎರಡೂ ಕಡೆ ಎಂಟೆಂಟು ಸುತ್ತು. ಡೈರಿಯ ಆ ಪುಟದಲ್ಲಿ ನಾಲ್ಕು ಮನೆಗೂ ಅಂದವಾಗಿ ಅಂಕಿ ತುಂಬಿ ಕೆಳಗೆ ಎರಡು ಗೆರೆ ಎಳೆದಿದ್ದೇನೆ, ಮುಗಿಯಿತು ಎನ್ನುವ ಹಾಗೆ.

ಫೆಬ್ರವರಿ ಹತ್ತೊಂಬತ್ತರ ಭಾನುವಾರ ಕೆರೆಯ ತೂಬಿನ ಹತ್ತಿರ ಬಿದ್ದ. ಈ ಸಲ ಗಾಡಿಯೂ ಮಗುಚಿತು. ಏರಿಯ ಮೇಲೆ ಹುಲ್ಲು ಕೊಯ್ಯುತ್ತಿದ್ದವರು ಓಡಿಹೋಗಿ ಎತ್ತಿದರು. ಹಣೆ ಊದಿತ್ತು, ಎಡಭುಜ ಎತ್ತಲು ಆಗುತ್ತಿರಲಿಲ್ಲ. ಅವನನ್ನು ಸ್ಕೂಟರಿನ ಹಿಂದೆ ಕೂರಿಸಿ ಮನೆಗೆ ತಂದರು. ಮತ್ತೆ ಯಾರದೋ ಬೆನ್ನು.

ಅಜ್ಜಿ ಬಿಸಿನೀರಿನ ಬಟ್ಟೆ ಒತ್ತಿದಳು. ಆಮೇಲೆ ಹೇಳಿದಳು.

"ನೋಡ್ಲಾ, ಯುಗಾದಿ ಗಂಟ ನೋಡ್ತೀನಿ. ಅಷ್ಟ್ರೊಳಗೆ ಇನ್ನೊಂದ್ ಸಲ ಬಿದ್ಯೋ, ಆ ಏಡಿ ಈ ಮನೇಲಿರಾಕಿಲ್ಲ. ಕುಣಿಗಲ್‌ಗಾದ್ರೂ ಕಳಿಸು, ಕೆರೆಗಾದ್ರೂ ನೂಕು."

"ಗಾಡಿ ಓಡ್ಸೋನು ಬೀಳ್ತಾನೆ ಕಣವ್ವ. ಅಣ್ಣ ಸೈಕಲ್ ಕಲೀವಾಗ ಬಿದ್ದಿಲ್ವಾ?"

"ಅವನ್ ಬೇರೆ," ಎಂದಳು ಅಜ್ಜಿ. ಎಂದವಳೇ ತಾನೇ ಗಾಬರಿಯಾಗಿ, "ಟೈಮೆಷ್ಟಾಯ್ತು?" ಎಂದು ಗಡಿಯಾರದ ಕಡೆ ತಿರುಗಿದಳು. ಆಗ ಯಾರೂ ಕುರ್ಚಿಯಿಂದ ಏಳುತ್ತಿರಲಿಲ್ಲ.

ಅಜ್ಜಿ ಹೇಳಿದ ಮೇಲೆ ಮುಗಿಯಿತು ಎಂಬುದು ಚಿಕ್ಕಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಭಾಯ್ ಹೇಳಿದಂತೆ ಸ್ಪ್ರಿಂಗಿನ ಜೊತೆಗಿದ್ದ ಸ್ಕ್ರೂವನ್ನು ಎರಡೆರಡು ಕ್ಲಿಕ್ ಬಿಗಿ ಮಾಡಿದೆವು, ಗಾಡಿ ಕುಸಿಯುವುದು ನಿಧಾನವಾಗಲಿ ಎಂದು. ಮಾರ್ಚ್ ಐದರ ಭಾನುವಾರ ನಾನು ಏರಿಯ ಮೇಲೆ ನಿಂತು ನೋಡುತ್ತಿದ್ದೆ. ದೊಡ್ಡ ತೋಟದ ಬೇಲಿಯ ಹುಣಸೆಮರದ ಹತ್ತಿರ ತಿರುಗುವಾಗ ಏಡಿಯ ಒಂದು ಪಕ್ಕ ನೆಲ ಬಿಟ್ಟಿತು. ಎರಡು ಚಕ್ರದ ಕೆಳಗೆ ಬೆಳಕು ಕಂಡಿತು. ಹೇಗೋ ಧಪ್ ಎಂದು ವಾಪಸ್ಸು ನೆಲಕ್ಕೆ ಬಂತು. ಚಿಕ್ಕಪ್ಪ ಎಂಜಿನ್ ಆರಿಸಿ ಹ್ಯಾಂಡಲ್ಲಿನ ಮೇಲೆ ತಲೆ ಇಟ್ಟುಕೊಂಡು ಕೂತ. ನಾನು ಓಡಿಹೋದೆ.

"ಅವ್ವಂಗೆ ಹೇಳ್ಬ್ಯಾಡ," ಎಂದ ತಲೆ ಎತ್ತದೆ.

"ಬಿದ್ದಿಲ್ವಲ್ಲ ಚಿಕ್ಕಪ್ಪ. ಬಿದ್ದಿಲ್ಲ ಅಂತ್ಲೇ ಬರ್ಕೋತೀನಿ."

"ಬರ್ಕೋ, ಬರ್ಕೋ. ನಾನ್ ಸತ್ರೂ ಟೈಮ್ ಹಾಕಿ ಬರ್ಕೋ."

ಯುಗಾದಿಗೆ ಇಪ್ಪತ್ತೈದು ದಿನವಿತ್ತು. ಆ ವಾರ ತುಮಕೂರಿನಲ್ಲಿ ನನಗೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಕ್ಲಾಸಿನಲ್ಲಿ ಕೂತರೆ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು. ಊಟದ ತಟ್ಟೆಯ ಮುಂದೆ ಕೂತು ಡೈರಿಯ ಪುಟ ತಿರುವುತ್ತಿದ್ದೆ. ತಟ್ಟೆ ನೋಡಿ ಉಣ್ಣೇ ಎಂದು ಅಮ್ಮ ಬೈದರು. ಮೂರು ಘಟನೆ. ತಾರೀಖು ಇತ್ತು, ಹೊತ್ತು ಇತ್ತು, ಜಾಗ ಇತ್ತು, ಗಾಳಿ ಎಷ್ಟಿತ್ತು ಎಂಬುದೂ ಇತ್ತು. ಏನೋ ಒಂದನ್ನು ಬರೆದಿಲ್ಲ ಎಂದು ಅನಿಸುತ್ತಿತ್ತು, ಏನೆಂದು ಹೊಳೆಯುತ್ತಿರಲಿಲ್ಲ.

ಮಾರ್ಚ್ ಹನ್ನೆರಡರ ಬೆಳಿಗ್ಗೆ ಡೈರಿ ಹಿಡಿದು ಮನೆಯಿಂದ ದೊಡ್ಡ ತೋಟದವರೆಗೆ ನಡೆದೆ. ಬಾವಿಯ ಹತ್ತಿರ ನಿಂತೆ. ದಾರಿ ಬಲಕ್ಕೆ ತಿರುಗುತ್ತಿತ್ತು. ತೂಬಿನ ಹತ್ತಿರ ನಿಂತೆ. ಅಲ್ಲೂ ಬಲಕ್ಕೆ. ಅಲ್ಲಿಂದ ಮುಂದೆ ನಡೆಯಲಿಲ್ಲ, ಓಡಿದೆ. ಹುಣಸೆಮರದ ಹತ್ತಿರವೂ ಬಲಕ್ಕೆ. ಮೂರೂ ಸಲ ಅವನು ಹೋಗುವಾಗಲೇ ತಪ್ಪಿದ್ದು. ಬರುವಾಗ ಅದೇ ತಿರುವುಗಳು ಎಡಕ್ಕಾಗುತ್ತವೆ, ಬರುವಾಗ ಒಂದು ಸಲವೂ ಏನೂ ಆಗಿರಲಿಲ್ಲ. ಬಲಕ್ಕೆ ತಿರುಗಿದಾಗ ಗಾಡಿಯ ಭಾರವೆಲ್ಲ ಎಡಕ್ಕೆ ಬೀಳುತ್ತದೆ. ಎಡದ ಸ್ಪ್ರಿಂಗು ಅದನ್ನು ತಡೆಯುತ್ತಿರಲಿಲ್ಲ. ಆದರೆ ಎರಡೂ ಸ್ಪ್ರಿಂಗಿಗೆ ಎಂಟೆಂಟೇ ಸುತ್ತು. ನಾನೇ ಎಣಿಸಿದ್ದೆ.

ಮಂಗಳವಾರ ಕಾಲೇಜು ಬಿಟ್ಟ ಮೇಲೆ ಭಾಯಿಯ ಗ್ಯಾರೇಜಿಗೆ ಹೋದೆ. ಒಂದು ಮೊಪೆಡ್ಡನ್ನು ಮಲಗಿಸಿಕೊಂಡು ಕೂತಿದ್ದ. ಡೈರಿ ತೋರಿಸಿದೆ. ಕೈಯೆಲ್ಲ ಗ್ರೀಸಾಗಿದ್ದರಿಂದ ಮುಟ್ಟದೆ, ಕತ್ತು ಚಾಚಿ ಓದಿದ.

"ಎಡ ಸ್ಪ್ರಿಂಗು ಸತ್ತೋಗಿದ್ಯಾ ಭಾಯ್?"

"ಸತ್ತಿದ್ರೆ ಅವತ್ತು ಎರಡೂ ಕಡೆ ಒಂದೇ ಅಳತೆ ಹೆಂಗ್ ಬರ್ತಿತ್ತು?" ಎಂದ. "ಅಣ್ಣ ಹೆಂಗ್ ಕೂತ್ಕೋತಾರೆ?"

"ಹೆಂಗೆ ಅಂದ್ರೆ? ಎಲ್ಲರ ಥರ."

"ಎಲ್ಲರ ಥರ ಹೆಂಗಾಗ್ತದೆ ಅಮ್ಮಾ? ಭಾರ ಯಾವ್ ಕಡೆ ಬಿಡ್ತಾರೆ? ಎಡಕ್ಕಾ, ಬಲಕ್ಕಾ?"

ನನಗೆ ಗೊತ್ತಿರಲಿಲ್ಲ. ಚಿಕ್ಕಪ್ಪ ಟೀಗೆ ಎಷ್ಟು ಚಮಚ ಸಕ್ಕರೆ ಹಾಕಿಕೊಳ್ಳುತ್ತಾನೆ, ಪೇಪರಿನ ಯಾವ ಪುಟ ಮೊದಲು ತೆಗೆಯುತ್ತಾನೆ, ಗಂಟೆಗೆ ಎಷ್ಟು ಸಲ ಬಾಗಿಲು ನೋಡುತ್ತಾನೆ ಎಲ್ಲ ಗೊತ್ತಿತ್ತು. ಹೇಗೆ ಕೂರುತ್ತಾನೆ ಎಂಬುದು ಗೊತ್ತಿರಲಿಲ್ಲ.

ಭಾಯ್ ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ತಪ್ಪು ನಂದೂ ಐತೆ. ಅವತ್ತು ನಿಮ್ಮಜ್ಜಿ ಟೈಮ್ ಕೇಳಿದ್ರು. ನನ್ನೇನೂ ಕೇಳ್ಲಿಲ್ಲ, ಆದ್ರೂ ನಾನೂ ವಾಚ್ ನೋಡ್ದೆ. ನಿಮ್ಮನೇಗ್ ಬಂದ್ರೆ ಹಂಗೇ ಆಗೋಗ್ತದೆ." ನಗಲಿಲ್ಲ. "ನಾವು ಸ್ಪ್ರಿಂಗ್ ಕಟ್ಟಿರೋದು ಫೋಟೋಗೆ ಕೂತಿರೋ ಮನುಷ್ಯಂಗೆ. ಗಾಡಿ ಓಡ್ಸೋನು ಬೇರೆಯವ್ನು."

"ಮತ್ತೆ ಗಾಡಿ ಜೊತೆ ಬಂದಿರೋ ಪುಸ್ತಕದಲ್ಲಿ ಎರಡೂ ಕಡೆ ಸುತ್ತು ಸಮ ಇರ್ಬೇಕು ಅಂತ ಇದೆಯಲ್ಲ?"

"ಪುಸ್ತಕ ಬರೆದೋನಿಗೆ ಅಣ್ಣ ಗೊತ್ತಾ? ಸುತ್ತು ಹೆಚ್ಚುಕಮ್ಮಿ ಆಗ್ಲಿ ಬಿಡಮ್ಮ. ಗಾಡಿ ಸಮ ನಿಲ್ಬೇಕು."

ಕೊಕ್ಕೆಯ ಸ್ಪ್ಯಾನರನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ನೀನೂ ಬಾ ಭಾಯ್ ಎಂದೆ. ಬೇಡ, ಹೊರಗಿನವನು ನಿಂತರೆ ಅವರು ಮತ್ತೆ ನೆಟ್ಟಗೆ ಕೂತುಬಿಡುತ್ತಾರೆ ಎಂದ.

ಶನಿವಾರ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ತುಮಕೂರಿನಿಂದ ಗುಬ್ಬಿಗೆ ಬರುವಷ್ಟರಲ್ಲಿ ಚಿಕ್ಕಪ್ಪನಿಗೆ ಹೇಗೆ ಹೇಳುವುದೆಂದು ನಾಲ್ಕು ವಾಕ್ಯ ಬರೆದು ನಾಲ್ಕನ್ನೂ ಹೊಡೆದುಹಾಕಿದೆ. ಗುಬ್ಬಿ ಸ್ಟ್ಯಾಂಡಿನಲ್ಲಿ ಕಾಯುವಾಗ ಐದನೆಯದು. ಅದರಲ್ಲಿ ಕಾಲು ಎಂಬ ಪದವಿತ್ತು. ಅದನ್ನು ಹೊಡೆದದ್ದಷ್ಟೇ ಅಲ್ಲ, ಮೇಲೆ ಮಸಿ ತುಂಬಿಬಿಟ್ಟೆ. ಪುಟ ಈಗಲೂ ಹಾಗೇ ಇದೆ, ಹಿಂಬದಿಗೂ ಮಸಿ ಇಳಿದಿದೆ.

ಭಾನುವಾರ, ಮಾರ್ಚ್ ಹತ್ತೊಂಬತ್ತು. ಅಜ್ಜಿ ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಚಿಕ್ಕಪ್ಪ ಏಡಿಯ ಪಕ್ಕದಲ್ಲಿ ಅದರ ಟೈರು ಒತ್ತುತ್ತಾ ನಿಂತಿದ್ದ. ನಾನು ಕೊರಡು ಇಟ್ಟು, ಟೇಪು ಬಿಚ್ಚಿದೆ. ಬರೆದಿದ್ದ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ.

"ಚಿಕ್ಕಪ್ಪ, ಇನ್ನೊಂದ್ಸಲ ಅಳೀಬೇಕು. ನೀನು ಒಬ್ಬನೇ ಇದ್ದಾಗ ಹೆಂಗ್ ಕೂತ್ಕೋತೀಯೋ ಹಂಗೆ ಕೂತ್ಕೋ."

ಅವನ ಕೈ ಟೈರಿನ ಮೇಲೆ ನಿಂತಿತು.

"ಹಂಗಂದ್ರೆ?"

"ಹಂಗಂದ್ರೆ... ತೋಟಕ್ಕೆ ಹೋಗುವಾಗ ಕೂರ್ತೀಯಲ್ಲ, ಹಂಗೆ. ಅವತ್ತು ನೀನು ನೆಟ್ಟಗೆ ಕೂತಿದ್ದೆ."

"ನೆಟ್ಟಗೆ ಕೂತ್ರೆ ತಪ್ಪಾ?"

"ತಪ್ಪಲ್ಲ. ಅಳತೆ ತಪ್ಪಾಯ್ತು. ಬಲಕ್ಕೆ ತಿರುಗ್ದಾಗ್ಲೇ ಮೂರು ಸಲಾನೂ ಆಗಿರೋದು. ನಿನ್ ಭಾರ ಎಡಕ್ಕಿದೆ ಚಿಕ್ಕಪ್ಪ. ಬಲಗಾಲಿಂದ ಒತ್ತಕ್ಕಾಗಲ್ಲ, ಅದಕ್ಕೇ."

ಹೇಳಿಬಿಟ್ಟಿದ್ದೆ. ಹಿತ್ತಲಿನಲ್ಲಿ ಬಟ್ಟೆ ಬಡಿಯುವ ಸದ್ದು ಕೇಳಿಸುತ್ತಿತ್ತು. ಚಿಕ್ಕಪ್ಪನ ಮುಖ ಕೆಂಪಗಾಗಿ, ಆಮೇಲೆ ಬಣ್ಣವೇ ಇಲ್ಲದಂತಾಯಿತು. ಬಾಗಿಲ ಕಡೆ ನೋಡಿದ. ಹೊರಟುಹೋಗುತ್ತಾನೆ ಅಂದುಕೊಂಡೆ. ಹಾಗೆ ಹೋಗಿದ್ದರೆ ಏಡಿಯೂ ಹೋಗುತ್ತಿತ್ತು, ಅವನಿಗೂ ಅದು ಗೊತ್ತಿತ್ತು.

"ಅವ್ವ ಎಲ್ಲಿ?"

"ಬಟ್ಟೆ ಒಗೀತಾವ್ರೆ."

"ಡೈರೀಲಿ ಏನ್ ಬರೀತೀಯ?"

"ಎಷ್ಟಿದೆ ಅಂತ."

"ಅಂಕಿ ಮಾತ್ರ ಬರಿ," ಎಂದ. "ಮಿಕ್ಕಿದ್ದು ಬ್ಯಾಡ, ಈಗ್ಲೇ ಬ್ಯಾಡ."

ಆಮೇಲೆ ಹತ್ತಿದ. ನಾನು ವಾಚು ನೋಡಲಿಲ್ಲ. ಎಡಗೈಯಲ್ಲಿ ಹ್ಯಾಂಡಲ್ಲು ಹಿಡಿದು, ಎಡಗಾಲನ್ನು ಮೆಟ್ಟಿನ ಮೇಲೆ ಊರಿ, ಬಲಗೈಯಿಂದ ಪ್ಯಾಂಟನ್ನು ತೊಡೆಯ ಹತ್ತಿರ ಹಿಡಿದು ಬಲಗಾಲನ್ನು ಎತ್ತಿ ಸೀಟಿನ ಆಚೆಗೆ ಹಾಕಿದ. ಹಾಕಿ ಅದರ ಪಾದವನ್ನು ಮೆಟ್ಟಿನ ಮೇಲೆ ಕೈಯಿಂದಲೇ ಕೂರಿಸಿದ. ಮೊದಲು ಬೆನ್ನು ನೆಟ್ಟಗೇ ಇತ್ತು. ನಾನು ಕಾದೆ. ಸ್ವಲ್ಪ ಹೊತ್ತಿನ ಮೇಲೆ ಉಸಿರು ಬಿಟ್ಟ. ಉಸಿರಿನ ಜೊತೆಗೇ ಬಲಭುಜ ಮೇಲಕ್ಕೆ ಹೋಯಿತು, ಎಡಭುಜ ಇಳಿಯಿತು, ಸೊಂಟ ಸೀಟಿನ ಎಡ ಅಂಚಿಗೆ ಜಾರಿತು. ಇವನೇ ದಿನಾ ತೋಟಕ್ಕೆ ಹೋಗುತ್ತಿದ್ದವನು.

ಎಡ ಎಂಟು ಪಾಯಿಂಟ್ ನಾಲ್ಕು. ಬಲ ಆರು ಪಾಯಿಂಟ್ ಎಂಟು.

"ಎಷ್ಟು?" ಎಂದ.

"ಒಂದು ಪಾಯಿಂಟ್ ಆರು ವ್ಯತ್ಯಾಸ."

"ಅಷ್ಟೇನಾ?" ಎಂದ. ಇನ್ನೂ ಜಾಸ್ತಿ ಇರಬಹುದೆಂದು ಅವನು ಎಷ್ಟು ವರ್ಷದಿಂದ ಅಂದುಕೊಂಡಿದ್ದನೋ.

ಭಾರವಿದ್ದಾಗ ಬಳೆ ತಿರುಗುವುದಿಲ್ಲ. ಪ್ರತಿ ಸಲವೂ ಅವನು ಇಳಿಯಬೇಕು, ನಾನು ಗಾಡಿ ಎತ್ತಿ ತಿರುಗಿಸಬೇಕು, ಅವನು ಮತ್ತೆ ಹತ್ತಬೇಕು. ಎಡ ಹತ್ತು, ಬಲ ಎಂಟು: ಇನ್ನೂ ಎಡ ತಗ್ಗು. ಎಡ ಹನ್ನೊಂದು, ಬಲ ಎಂಟು: ಇನ್ನೂ ಚೂರು. ಎಡ ಹನ್ನೊಂದು, ಬಲ ಏಳು: ಎರಡೂ ಕಡೆ ಏಳು ಪಾಯಿಂಟ್ ಎರಡು. ಒಟ್ಟು ನಾಲ್ಕು ಸಲ ಹತ್ತಿದ, ನಾಲ್ಕು ಸಲ ಇಳಿದ. ಮೊದಲ ಸಲ ಇಳಿಯುವಾಗ ನನ್ನ ಕಡೆ ಬೆನ್ನು ಮಾಡಿದ್ದ. ನಾಲ್ಕನೆಯ ಸಲಕ್ಕೆ, "ಏನ್ ನಿಂತಿದೀಯ, ಕೊರಡು ತಳ್ಳೇ ಆಚೆ, ಎಡವ್ತೀನಿ," ಎಂದು ಬೈದ.

ಅಂಕಿ ಮಾತ್ರ ಬರೆದೆ. ಮಿಕ್ಕಿದ್ದನ್ನು ಈಗ, ಅವನಿಗೆ ಹೇಳಿಯೇ, ಬರೆಯುತ್ತಿದ್ದೇನೆ.

ಮಾರ್ಚ್ ಇಪ್ಪತ್ತಾರು, ಯುಗಾದಿಗೆ ಮುಂಚಿನ ಕೊನೆಯ ಭಾನುವಾರ. ನಡುವಿನ ವಾರದಲ್ಲಿ ಚಿಕ್ಕಪ್ಪ ಮನೆಯ ಸುತ್ತ ಮಾತ್ರ ಓಡಿಸಿದ್ದನಂತೆ, ಕೆರೆಯ ಕಡೆ ಹೋಗಿರಲಿಲ್ಲ. ನಾನು ಬರಲಿ ಎಂದು ಕಾದಿದ್ದ. ಆದರೆ ಅಜ್ಜಿಯೂ ಹೊರಟಳು.

"ನೀನ್ಯಾಕವ್ವ ಬಿಸಿಲಲ್ಲಿ?"

"ಬಿದ್ರೆ ನನ್ ಕಣ್ಮುಂದೇನೇ ಬೀಳು. ಆಮೇಲೆ ಇವಳೂ ನೀನೂ ಸೇರ್ಕೊಂಡು ಬಿದ್ದಿಲ್ಲ ಅನ್ಬ್ಯಾಡಿ."

ಹುಣಸೆಮರದ ವಿಷಯ ಅವಳಿಗೆ ಹೇಗೋ ತಿಳಿದಿತ್ತು.

ಅಜ್ಜಿಯೂ ನಾನೂ ಏರಿಯ ಮೇಲೆ ನಿಂತೆವು. ನೀರು ಹಿಂದಕ್ಕೆ ಸರಿದು ತೂಬಿನ ಮುಂದೆಲ್ಲ ಒಣಗಿದ ಮಣ್ಣು ಬಿರುಕು ಬಿಟ್ಟಿತ್ತು. ದೂರದಲ್ಲಿ ಏಡಿಯ ಸದ್ದು ಕೇಳಿಸಿತು, ಆಮೇಲೆ ಧೂಳು ಕಂಡಿತು. ಬಾವಿಯ ತಿರುವು ಇಲ್ಲಿಗೆ ಕಾಣುವುದಿಲ್ಲ. ಸದ್ದು ಒಂದು ಸಲ ಇಳಿದು ಮತ್ತೆ ಏರಿತು. ಅದು ಮುಗಿಯಿತು ಎಂದುಕೊಂಡೆ. ತೂಬಿನ ತಿರುವಿಗೆ ಅವನು ಹಿಂದಿಗಿಂತ ಜೋರಾಗಿಯೇ ಬಂದ. ಬಲಕ್ಕೆ ತಿರುಗಿಸಿದ. ಏಡಿಯ ಎಡಮೂತಿ ಬಗ್ಗಿತು, ಬಗ್ಗಿ ಒಂದು ಕಡೆ ತಡೆಯಿತು, ತಡೆದು ಮೇಲೆದ್ದಿತು. ನಾಲ್ಕು ಚಕ್ರವೂ ನೆಲದ ಮೇಲೆ. ಹುಣಸೆಮರದ ಹತ್ತಿರವೂ ಹಾಗೆಯೇ. ಅಲ್ಲಿಂದ ತಿರುಗಿಸಿಕೊಂಡು ತೂಬು ದಾಟಿ ಬಂದು, ಅಲ್ಲೇ ಹೊರಳಿಸಿ ಮತ್ತೊಮ್ಮೆ ತೂಬಿಗೆ ಬಲಕ್ಕೆ ಸುತ್ತಿದ. ಬೇಕೆಂದೇ ಸುತ್ತಿದ. ಆಮೇಲೆ ಏರಿಯ ಬುಡಕ್ಕೆ ಬಂದು ನಮ್ಮ ಮುಂದೆ ನಿಲ್ಲಿಸಿದ. ಮುಖವೆಲ್ಲ ಧೂಳು.

ಎಂಜಿನ್ ನಿಂತಿತು. ಇಳಿಯಲು ಎಡಗೈ ಊರಿದ.

"ಟೈಮೆಷ್ಟಾಯ್ತೇ?" ಎಂದಳು ಅಜ್ಜಿ, ಕೆರೆಯ ಆಚೆ ದಡದ ಕಡೆ ತಿರುಗುತ್ತಾ. ಅಲ್ಲಿ ಗಡಿಯಾರವೇನೂ ಇರಲಿಲ್ಲ.

"ಟೈಮ್ ಕೇಳ್ಬ್ಯಾಡ ಕಣವ್ವ," ಎಂದ ಚಿಕ್ಕಪ್ಪ. "ಇಳೀತಿದೀನಿ. ನೋಡು."

ಅಜ್ಜಿಯ ಕತ್ತು ಅರ್ಧಕ್ಕೆ ನಿಂತಿತು. ನಿಧಾನವಾಗಿ ಇತ್ತ ತಿರುಗಿದಳು. ಚಿಕ್ಕಪ್ಪ ಪ್ಯಾಂಟು ಹಿಡಿದು ಬಲಗಾಲನ್ನು ಎತ್ತಿದ, ಸೀಟಿನ ಈಚೆಗೆ ತಂದ, ನೆಲಕ್ಕಿಟ್ಟ, ಮಂಡಿ ಒತ್ತಿ, ಸೊಂಟ ತಿರುವಿ ನಿಂತ. ನಾನು ಬಾಯಲ್ಲೇ ಎಣಿಸಿದೆ. ಹದಿನಾಲ್ಕು ಸೆಕೆಂಡ್. ಅಷ್ಟೂ ವರ್ಷ ನಾವೆಲ್ಲ ಆಚೆ ತಿರುಗುತ್ತಿದ್ದದ್ದು ಹದಿನಾಲ್ಕು ಸೆಕೆಂಡಿಗೆ.

ಅಜ್ಜಿ ಕಣ್ಣು ಒರೆಸಿಕೊಳ್ಳುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಅವಳು ಹುಬ್ಬು ಗಂಟಿಕ್ಕಿ ಏಡಿಯನ್ನು ಒಂದು ಸಲ, ಅವನನ್ನು ಒಂದು ಸಲ ನೋಡಿದಳು.

"ಅಲ್ಲ ಕಣ್ಲಾ, ಆ ಕಾಲ್ನ ಹಿಂದ್ಗಡೆಯಿಂದ ಯಾಕ್ ಸುತ್ತಿಸ್ತೀಯ? ಮುಂದ್ಗಡೆ ಆ ಕಂಬಿ ಮೇಲಿಂದ ತಂದ್ರೆ ಸಲೀಸಲ್ವಾ?"

ಆ ಕಾಲು ಎಂದಿದ್ದಳು. ಚಿಕ್ಕಪ್ಪ ಅವಳನ್ನೇ ನೋಡಿದ.

"ಈ ಐಡಿಯಾ ಇಟ್ಕೊಂಡು ಇಷ್ಟ್ ದಿನ ಎಲ್ಲಿದ್ದೆ ನೀನು?"

"ನಾನೆಲ್ಲಿ ನೋಡಿದ್ನಪ್ಪ ನೀನ್ ಇಳಿಯೋದ್ನ," ಎಂದಳು. ಆಮೇಲೆ ಇನ್ನೂ ಏನೋ ಹೇಳಲು ಹೊರಟಳು, ಯುಗಾದಿಯ ವಿಷಯವೇ ಇರಬೇಕು. ಅವನು ಕಾಯಲಿಲ್ಲ. ಮತ್ತೆ ಹತ್ತಿದ, ಈ ಸಲ ಅವಳು ಹೇಳಿದಂತೆ ಮುಂದಿನಿಂದ ಪ್ರಯತ್ನಿಸಿ, ಕಂಬಿಗೆ ಪಾದ ಸಿಕ್ಕಿಸಿಕೊಂಡು, ಬಿಡಿಸಿಕೊಂಡು, ಕೂತು, ಎಂಜಿನ್ ಶುರು ಮಾಡಿ, ತೆಂಗಿನಮರಗಳು ಹೇಗಿವೆ ನೋಡಿ ಬರುತ್ತೇನೆ ಎಂದು ಕೂಗಿ ಹೊರಟೇಹೋದ.

"ಹೋದ ನೋಡು," ಎಂದಳು ಅಜ್ಜಿ ಧೂಳಿನಲ್ಲಿ ಕೆಮ್ಮುತ್ತಾ. "ಮಾತ್ ಮುಗ್ಸಕ್ಕೂ ಬುಡ್ದಂಗೆ."